ತೊಳೆದ ತವಾ

ಮೊಮ್ಮಗಳು ದಿನಾ ಬೆಳಿಗ್ಗೆ ಫೋನಿಗೆ ಒಂದು ಹಾಡು ಕಳಿಸುತ್ತಾಳೆ. ಇವತ್ತು ಯಾವುದೋ ದೇಶದ ಡ್ರಮ್ಸು, ನಾಳೆ ಯಾರದೋ ಖಯಾಲು. ಸಂಜೆ ಕೇಳಿದೆಯಾ ಎಂದು ವಿಚಾರಣೆ. ಕೇಳಿರುತ್ತೇನೆ, ಅರ್ಧ. ಐ ಗೆಟ್ ಟೈರ್ಡ್. ಹೆಬ್ಬೆರಳಿನ ಗುರುತೊಂದನ್ನು ಒತ್ತಿ ಸುಮ್ಮನಾಗುತ್ತೇನೆ. ಒತ್ತುವಾಗಲೆಲ್ಲ ಖಾಲಿ ಬಟ್ಟಲು ವಾಪಸು ಕಳಿಸಿದ ಹಾಗೆ ಅನ್ನಿಸುತ್ತದೆ.

ಖಾಲಿ ಬಟ್ಟಲು ಕಳಿಸಬಾರದು ಎನ್ನುವುದು ಶಹಾಬಾದದ ನಮ್ಮ ಓಣಿಯ ರೂಢಿಯಾಗಿತ್ತು. ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಎದುರು ಮನೆಯವರಿಗೆ ಅವ್ವ ಹೋಳಿಗೆ ಕಳಿಸಿದರೆ, ಆ ಬಟ್ಟಲು ನಿಂಬೆಹಣ್ಣೋ ಕರಿಬೇವೋ ತುಂಬಿಕೊಂಡು ಬರುತ್ತಿತ್ತು. ಬೇಯಿಸಿದ್ದು ಮಾತ್ರ ಅವರ ಮನೆಯಿಂದ ಬರುತ್ತಿರಲಿಲ್ಲ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಅವರದು ಮುಸಲ್ಮಾನರ ಮನೆ. ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಖಾಲಾನೂ ಕಳಿಸುತ್ತಿರಲಿಲ್ಲ, ಅವ್ವನೂ ಕೇಳುತ್ತಿರಲಿಲ್ಲ.

ನಾನು ಆಗ ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಬೋರ್ಡರ್. ಬೇಸಿಗೆಯ ಹಾಲಿಡೇಸ್‌ಗೆ ವಾಡಿಯಲ್ಲಿ ಗಾಡಿ ಬದಲಿಸಿ ಮನೆಗೆ ಬರುತ್ತಿದ್ದೆ. ಅಪ್ಪ ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿದ್ದರು. ಅಲ್ಲಿಯ ಒಬ್ಬ ದೊರೆ ಊರು ಬಿಡುವಾಗ ತನ್ನ ಗ್ರಾಮೊಫೋನನ್ನು ಅಪ್ಪನಿಗೆ ಕೊಟ್ಟು ಹೋಗಿದ್ದ. ಜೊತೆಗೆ ಮೂರು ಇಂಗ್ಲಿಷ್ ರೆಕಾರ್ಡು. ಖಾಲಾನ ಮನೆಯಲ್ಲಿ ಕವ್ವಾಲಿ, ಗಜಲುಗಳ ರೆಕಾರ್ಡುಗಳ ರಾಶಿಯೇ ಇತ್ತು, ಆದರೆ ಅವರ ಪೆಟ್ಟಿಗೆಯ ಸ್ಪ್ರಿಂಗು ಮುರಿದಿತ್ತು. ಹೀಗಾಗಿ ಹಾಡು ಆ ಮನೆಯದು, ಪೆಟ್ಟಿಗೆ ಈ ಮನೆಯದು, ಕೇಳುವುದು ನಮ್ಮ ಕಟ್ಟೆಯ ಮೇಲೆ.

ಮಧ್ಯಾಹ್ನ ಅವ್ವ ಅಡ್ಡಾದ ಮೇಲೆ ನಾವು ಮೂವರು ಕೂಡುತ್ತಿದ್ದೆವು: ಖಾಲಾ, ನಾನು, ನನ್ನ ಅಣ್ಣನ ಹೆಂಡತಿ. ವೈನಿ ಚಿಂಚೋಳಿ ಕಡೆಯವರು. ಅವರ ಹಾಡು ಅರ್ಧ ಕನ್ನಡ, ಅರ್ಧ ತೆಲುಗು. ನಸುಕಿನಿಂದ ಬೀಸುವುದು, ನೀರು ಸೇದುವುದು, ರೊಟ್ಟಿ ಬಡಿಯುವುದು. ದಿನದಲ್ಲಿ ಆ ಒಂದು ತಾಸು ಮಾತ್ರ ಅವರದು. ಖಾಲಾ ಒಂದು ರೆಕಾರ್ಡು ತಂದರೆ ವೈನಿ ಬಟ್ಟಲಿನ ಲೆಕ್ಕದಲ್ಲಿ ಒಂದು ಬೀಸುವ ಪದ ಹಾಡಬೇಕು. ನಾನು ಪಿಯಾನೊ ಸಿಸ್ಟರ್ ಕಲಿಸಿದ ವಾಲ್ಟ್ಜ್ ಒಂದನ್ನು ಗುನುಗಿ, ಒನ್-ಟೂ-ಥ್ರೀ ಎಂದು ನೆಲ ಬಡಿದು ತೋರಿಸುತ್ತಿದ್ದೆ. ಇದು ತೊಟ್ಟಿಲು ತೂಗುವ ಲಯ, ಇದಕ್ಕೆ ಕಾನ್ವೆಂಟಿಗೆ ಯಾಕೆ ಹೋಗಬೇಕು ಎಂದು ವೈನಿ ನಗುತ್ತಿದ್ದರು. ವೈನಿಯ ದನಿ ಒಂದು ಸ್ವರದ ಮೇಲೆ ನಿಲ್ಲುತ್ತಿರಲಿಲ್ಲ, ತುಸು ತೂಗಾಡುತ್ತಿತ್ತು. ಅದಕ್ಕೆ ಖಾಲಾನ ಚೇಷ್ಟೆ: ಈಕೆಯ ಗಂಟಲೊಳಗೆ ಯಾರೋ ಜೋಕಾಲಿ ಕಟ್ಟಿದ್ದಾರೆ.

ನಿಜಾಮರ ಕಾಲ ಮುಗಿದು ಒಂದೆರಡು ವರ್ಷವಾಗಿತ್ತು. ಉರ್ದು ಶಾಲೆಗಳು ಒಂದೊಂದಾಗಿ ಕನ್ನಡಕ್ಕೆ ತಿರುಗುತ್ತಿದ್ದವು. ಖಾಲಾನ ಗಂಡ ಉರ್ದು ಮಾಸ್ತರರು. ಅವರಿಗೆ ಹೈದರಾಬಾದಿಗೆ ವರ್ಗವಾಯಿತು. ಹೋಗುವ ಮುಂಚಿನ ವಾರ ಖಾಲಾ ತಮ್ಮ ಜೀವದಂಥ ಗಜಲಿನ ರೆಕಾರ್ಡನ್ನು ವೈನಿಯ ಕೈಗಿಟ್ಟರು. ಮನದಣಿಯೆ ಕೇಳು, ಗಾಡಿ ಹತ್ತುವ ದಿನ ಕೊಡು ಎಂದರು. ವೈನಿ ಅದನ್ನು ಬಟ್ಟೆಯಲ್ಲಿ ಸುತ್ತಿ ಪಡಸಾಲೆಯ ಗೂಡಿನಲ್ಲಿಟ್ಟು ನೀರಿಗೆ ಹೋದರು.

ನಮ್ಮ ಕಡೆ ರೆಕಾರ್ಡಿಗೆ ತವಾ ಅನ್ನುತ್ತಿದ್ದರು. ರೊಟ್ಟಿ ಸುಡುವ ಹೆಂಚಿಗೂ ಅದೇ ಮಾತು; ಎರಡೂ ಕಪ್ಪು, ಎರಡೂ ದುಂಡಗೆ. ಗೂಡಿನಲ್ಲಿ ಏನಿದೆ ಎಂದು ಅವ್ವ ಕೇಳಿದಾಗ ನಾನು ಖಾಲಾನ ತವಾ ಎಂದೆ. ಅವ್ವನಿಗೆ ಅದು ಹಾಡುವ ತವಾ ಎಂದು ಚೆನ್ನಾಗಿ ಗೊತ್ತಿತ್ತು. ಕಟ್ಟೆಯ ಮೇಲಿದ್ದಷ್ಟು ದಿನ ಅವ್ವನ ತಕರಾರಿರಲಿಲ್ಲ. ಈಗ ಅದು ಹೊಸ್ತಿಲು ದಾಟಿತ್ತು. ಹೊರಗಿನದು ಒಳಗೆ ಬರಬೇಕೆಂದರೆ ನೀರು ಕಾಣಬೇಕು ಎಂದು ಗೊಣಗುತ್ತ, ಅದರ ಮೇಲೆ ಎರಡು ತಂಬಿಗೆ ನೀರು ಹೊಯ್ದು, ಒಣಗಲೆಂದು ಅಂಗಳಕ್ಕೆ ಹಾಸಿದ ಪರಸಿಯ ಮೇಲಿಟ್ಟರು. ಶಹಾಬಾದದ ಕಲ್ಲು, ಮೇ ತಿಂಗಳ ಬಿಸಿಲು. ವೈನಿ ಕೊಡ ಹೊತ್ತು ಬರುವಷ್ಟರಲ್ಲಿ ತವಾ ಹಪ್ಪಳದ ಹಾಗೆ ಅಂಚೆತ್ತಿ ನಿಂತಿತ್ತು.

ವೈನಿ ಅಳಲಿಲ್ಲ. ಕೊಡ ಇಳಿಸಿ ಅದರ ಪಕ್ಕದಲ್ಲಿ ಕುಳಿತುಬಿಟ್ಟರು. ನನಗಷ್ಟೇ ಕೇಳುವಂತೆ ಹೇಳಿದರು:

"ತವಾ ಕೆಟ್ಟದ್ದು ದೊಡ್ಡದಲ್ಲ ನೋಡು ತಂಗಿ. ಯಾಕ ತೊಳದ್ರಿ ಅಂತ ಖಾಲಾ ಕೇಳಿದ್ರ ಏನು ಹೇಳಲಿ?"

ಆ ದಿನಗಳಲ್ಲಿ, ಅವರ ಮನೆಯದನ್ನು ತೊಳೆದರು ಎನ್ನುವ ಮಾತಿಗೆ ಬಹಳ ಭಾರವಿತ್ತು. ಊರು ಬಿಟ್ಟು ಹೋಗುವವರ ಗಂಟಿನಲ್ಲಿ ಈ ಕಾರಣವೂ ಸೇರಬಾರದು, ವೈನಿಗೆ ಬೇಕಾದದ್ದು ಅಷ್ಟೇ.

ಹಿತ್ತಲಲ್ಲಿ ಪಾಲಿಶ್ ಮಾಡಿದ ಎರಡು ಪರಸಿಗಳು ಮಿಕ್ಕಿದ್ದವು. ಹಪ್ಪಳ ಸೊಟ್ಟಗಾದರೆ ಮೇಲೆ ಭಾರ ಹೇರುತ್ತೇವಲ್ಲ, ಹಾಗೆ ವೈನಿ ತವಾವನ್ನು ಎರಡು ಕಲ್ಲುಗಳ ನಡುವೆ ಇಟ್ಟು ಬಿಸಿಲಿಗೆ ಬಿಟ್ಟರು, ಸಂಜೆ ಕಲ್ಲು ತಣ್ಣಗಾಗುವ ತನಕ ಮುಟ್ಟಲಿಲ್ಲ. ತವಾ ಹೆಚ್ಚೂಕಡಿಮೆ ಸಪಾಟಾಯಿತು. ಹಚ್ಚಿ ನೋಡಿದೆವು. ಸೂಜಿ ಏರಿಳಿಯುತ್ತ ಸಾಗಿತು, ಹಾಡುವಾಕೆಯ ದನಿ ಅಲೆಅಲೆಯಾಗಿ ಬಂತು. ನಾನು ಟೆಂಪೋ ಹಾಳಾಯಿತು ಎಂದೆ.

ಟಾಂಗಾಕ್ಕೆ ಸಾಮಾನು ಏರಿಸಿದ ಮೇಲೆ ಖಾಲಾ ಕಟ್ಟೆಗೆ ಬಂದು ಕೂತರು. ಕೊನೆಯ ಸಲ ಹಚ್ಚು ಎಂದರು. ನಾನು ಕೀಲಿ ತಿರುವಿದೆ. ಮೊದಲ ಸಾಲಿಗೇ ಅವರ ಕಣ್ಣು ತವಾದ ಮೇಲೆ ನಿಂತಿತು.

"ಇದಕ್ಕೇನಾಯ್ತು ಬೇಟಿ?"

ವೈನಿ ಸೆರಗಿನ ತುದಿ ಹಿಡಿದು, ಚಿಂಚೋಳಿಯ ದಡ್ಡಿಯಂತೆ ಮುಖ ಮಾಡಿದರು. "ನೀವು ತವಾ ಅಂದ್ರಲ್ರೀ. ನಾ ಹಳ್ಳಿಯಾಕಿ, ರೊಟ್ಟಿ ತವಾದಂಗ ತೊಳದು ಬಿಸಿಲಿಗಿಟ್ಟೆ."

ಖಾಲಾ ನಕ್ಕರು. ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕರು. ನಮ್ಮ ಜೀವ ಹಗುರಾಯಿತು. ಆಮೇಲೆ ಅವರು ಒಳಬಾಗಿಲ ಕಡೆ ನೋಡಿದರು. ಅವ್ವ ಅಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

"ಬೀಸೋ ಪದ ನೂರು ಬರ್ತಾವ, ಸುಳ್ಳು ಒಂದೂ ಬರಂಗಿಲ್ಲ ನಿನಗ," ಎಂದರು ಖಾಲಾ, ಮೆಲ್ಲಗೆ. ಹಾಡು ಮುಗಿದಾಗ ರೆಕಾರ್ಡನ್ನು ತಾವೇ ಎತ್ತಿ, ಬಟ್ಟೆಯಲ್ಲಿ ಸುತ್ತಿ, ವೈನಿಯ ಮಡಿಲಲ್ಲಿಟ್ಟರು. "ಇರಲಿ, ಇಟ್ಕೋ. ತೊಳದದ್ದು ಆಗ್ಯದ. ಇನ್ನು ಇದು ನಿಮ್ಮನಿದೇ."

ಕೋಪದಿಂದ ಹೇಳಿದರೋ ಪ್ರೀತಿಯಿಂದಲೋ, ಇಷ್ಟು ವರ್ಷ ಹೊರಳಾಡಿಸಿ ನೋಡಿದರೂ ನನಗೆ ತಿಳಿದಿಲ್ಲ. ಬಹುಶಃ ಬೋತ್. ಬಟ್ಟಲಿನ ಲೆಕ್ಕಕ್ಕೆ ವೈನಿ ಒಂದು ಪದ ಹಾಡಬೇಕಿತ್ತು. ಬಾಯಿ ತೆರೆದರು, ದನಿ ಬರಲಿಲ್ಲ. ಖಾಲಾ ಒಂದು ಗಳಿಗೆ ಕಾದರು, ವೈನಿಯ ಕೆನ್ನೆ ಸವರಿ ಟಾಂಗಾ ಹತ್ತಿದರು.

ಮುಂದಿನ ವಾರವಿಡೀ ವೈನಿ ಮೂಕವಾಗಿ ಬೀಸಿದರು. ನನ್ನ ರಜೆ ಮುಗಿಯುವ ಹೊತ್ತಿಗೆ ಒಂದು ನಸುಕಿನಲ್ಲಿ ಕಲ್ಲಿನ ಸದ್ದಿನ ಜೊತೆಗೆ ಪದ ಕೇಳಿತು. ಮಾತು ಚಿಂಚೋಳಿಯ ಬೀಸುವ ಪದದ್ದು, ಧಾಟಿ ಆ ಗಜಲಿನದು. ಬಿಸಿಲಿಗೆ ಸೊಟ್ಟಗಾದ ಅಲೆಗಳ ಸಮೇತ.

ಅವ್ವ ಕಾಳಿನ ಮೊರ ಹಿಡಿದು ಬಂದು ನಿಂತರು. "ಇದ್ಯಾರ ಮನಿ ಹಾಡ?"

ವೈನಿ ಕಲ್ಲು ನಿಲ್ಲಿಸಲಿಲ್ಲ. "ತೊಳದದ್ದೇ ಅದ ರೀ, ಅತ್ತಿ."

ಅವ್ವ ಮೊರವನ್ನು ಪಕ್ಕಕ್ಕಿಟ್ಟು, ಬೀಸುವ ಕಲ್ಲಿನ ಇನ್ನೊಂದು ಬದಿಗೆ ಕುಳಿತು ಗೂಟಕ್ಕೆ ಕೈ ಹಚ್ಚಿದರು.