ರಂಗನಾಯಕಿ ಕೇಳಿದ ಊಟದ ಪ್ರಶ್ನೆ

ರಂಗನಾಯಕಿ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಗಣಪತಿ ಎನ್ನುವ ಬಡಾವಣೆಯಲ್ಲಿ ಅವಳ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಬೆಳಿಗ್ಗೆ ಈಗಲೂ ಕಿವಿ ಕೆಳಗೇ ಹೋಗುತ್ತದೆ, ಮಗನಿಗೆ ಉಣ್ಣಿಸುವ ಅವಳ ದನಿಗಾಗಿ: "ಕಣ್ಣೂ, ಇನ್ನೊಂದೇ ತುತ್ತು."

ಅವಳ ಮಗ ಮಣಿಕಂಠನ್ ಹುಟ್ಟುವಾಗ ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ತೂತಿತ್ತು. ಕರುಳು ಮೇಲೇರಿ ಶ್ವಾಸಕೋಶವನ್ನು ಅದುಮಿತ್ತು. ಡಾಕ್ಟರ್ ದೀನದಯಾಳನ್ ಆಪರೇಷನ್ ಮಾಡಿ ಉಳಿಸಿದರು. ಉಳಿದ ಮಗು ಉಣ್ಣಲಿಲ್ಲ. ಉಂಡದ್ದು ವಾಂತಿಯಾಗುತ್ತಿತ್ತು. ಬ್ಲೌಸ್ ಹೊಲಿಯುವ ಮಿಷನ್ನಿನ ಪಕ್ಕದಲ್ಲೇ ಗಂಜಿಯ ಬಟ್ಟಲಿಟ್ಟುಕೊಂಡು ಅವಳು ವರ್ಷಗಳನ್ನು ಕಳೆದಳು. "ಇವಳಿಗೆ ಉಣ್ಣಿಸೋಕೇ ಬರೊಲ್ಲ" ಎಂದು ಬಂದ ನೆಂಟರೆಲ್ಲ ಹೇಳಿ ಹೋದರು.

ಕಳೆದ ವರ್ಷ ಪೀಳಮೇಡಿನ ಆಸ್ಪತ್ರೆಯೊಂದರಲ್ಲಿ, ಈ ಕಾಯಿಲೆಯ ಬಗ್ಗೆ ಮೊದಲು ಏನನ್ನು ಸಂಶೋಧಿಸಬೇಕೆಂದು ತೀರ್ಮಾನಿಸಲು ಡಾಕ್ಟರರನ್ನೂ ಹೆತ್ತವರನ್ನೂ ಒಟ್ಟಿಗೆ ಕೂರಿಸಿದರು. ರಂಗನಾಯಕಿ ನನ್ನನ್ನೂ ಎಳೆದುಕೊಂಡು ಹೋದಳು. ಗೋಡೆಯ ಮೇಲೆ ಪ್ರಶ್ನೆಗಳು. ಮುಖ್ಯವೆನಿಸಿದ್ದರ ಕೆಳಗೆ ಸ್ಟಿಕ್ಕರ್ ಅಂಟಿಸಬೇಕು. ಈ ಮಕ್ಕಳಿಗೆ ಊಟ ಯಾಕೆ ಸೇರುವುದಿಲ್ಲ ಎಂಬ ಅವಳ ಪ್ರಶ್ನೆಯೂ ಅಲ್ಲಿತ್ತು. ಟೀ ಹೊತ್ತಿನಲ್ಲಿ ಹೆತ್ತವರೆಲ್ಲ ಅದನ್ನೇ ಹೇಳಿಕೊಂಡು ಗೋಳಾಡಿದ್ದರು. ಆದರೆ ಅವರ ಸ್ಟಿಕ್ಕರ್‌ಗಳೆಲ್ಲ ದೀನದಯಾಳನ್ ಬರೆದ ಉಸಿರಾಟದ ಯಂತ್ರದ ಪ್ರಶ್ನೆಯ ಕೆಳಗೆ ಹೋಗಿ ಕೂತವು. ರಂಗನಾಯಕಿಯದೂ.

"ನೀನೂನಾ?" ಎಂದೆ.

"ಮತ್ತೆ? ಮಗೂನ ಉಳಿಸಿಕೊಟ್ಟವರು ಅಲ್ಲೇ ನಿಂತವ್ರೆ ಅಕ್ಕಾ. ಅವರ ಕಣ್ಮುಂದೆ ಬೇರೇದಕ್ಕೆ ಅಂಟಿಸಿದ್ರೆ ಉಪಕಾರ ಮರೆತೋಳು ಅನ್ನಲ್ವಾ?"

ದೀನದಯಾಳನ್ ಗೋಡೆ ನೋಡಿ ನಕ್ಕರು. "ಏನಮ್ಮಾ, ನನ್ನನ್ನು ಎಲೆಕ್ಷನ್‌ಗೆ ನಿಲ್ಲಿಸಿದ್ದೀರಾ?" ಎಂದು ತಮಿಳಿನಲ್ಲಿ ಕೇಳಿ, ಸ್ಟಿಕ್ಕರ್‌ಗಳನ್ನೆಲ್ಲ ಕೀಳಿಸಿ, ಉಳಿದ ಡಾಕ್ಟರರನ್ನೂ ಕರೆದುಕೊಂಡು ಕ್ಯಾಂಟೀನಿಗೆ ಹೋದರು. ಹೆತ್ತವರು ಮತ್ತೆ ಅಂಟಿಸಿದರು. ಡಾಕ್ಟರರ ಮತವೂ ಸೇರಿದ ಮೇಲೆ ಊಟದ ಪ್ರಶ್ನೆ ಮೂರನೆಯದಾಗಿ ನಿಂತಿತು.

"ಉತ್ತರ ಯಾವಾಗ ಸಾರ್?" ಎಂದಳು.

"ಐದಾರು ವರ್ಷವಾದರೂ ಬೇಕಮ್ಮಾ."

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. "ಅಷ್ಟರಲ್ಲಿ ಇವನಿಗೆ ಮೀಸೆ ಬಂದಿರ್ತದೆ. ಬೇರೆಯವರ ಕೂಸಿಗಾದ್ರೂ ಆಗಲಿ." ಆಮೇಲೆ ನೆಟ್ಟಗೆ ಕೂತು, "ಇನ್ಮೇಲೆ ಯಾರಾದ್ರೂ ನಂಗೆ ಉಣ್ಣಿಸೋಕೆ ಬರೊಲ್ಲ ಅನ್ನಲಿ. ಡಾಕ್ಟರುಗಳಿಗೇ ಗೊತ್ತಿಲ್ಲ ಅಂತೀನಿ."

ಆ ಮಾತು ಹೇಳಲು ಅವಳಿಗೆ ಹೆಚ್ಚು ಕಾಲ ಸಿಗಲಿಲ್ಲ. ಡೆಂಗ್ಯೂ ಬಂತು, ಹೋದಳು.

ಮೊನ್ನೆ ಅವಳ ಫೋನಿಗೆ ಆಸ್ಪತ್ರೆಯಿಂದ ಕರೆ. ಊಟದ ಬಗೆಗಿನ ಅಧ್ಯಯನ ಶುರುವಾಗುತ್ತಿದೆ, ತಾಯಿ ಮಗುವನ್ನು ಕರೆತರಬೇಕಂತೆ. ಅವಳ ಗಂಡ ದೊರೈಸಾಮಿ ಫೋನನ್ನು ನನ್ನ ಕೈಗಿಟ್ಟರು. ನಾನು ಕರೆತರುತ್ತೇನೆ ಎಂದೆ. ಮಣಿಕಂಠನ್ ತುತ್ತನ್ನು ಕೆನ್ನೆಯೊಳಗೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಇನ್ನೂ ನುಂಗಿರಲಿಲ್ಲ.