ಶುಕ್ರವಾರ ಹತ್ತು ಇಪ್ಪತ್ತೈದು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನೆಲ್ಲ ಓದಿ ನೀವು ನನ್ನನ್ನು ಪಾಪದ ಮನುಷ್ಯ ಅಂದುಕೊಂಡುಬಿಡುತ್ತೀರಿ. ಮೈಸೂರಿನಲ್ಲಿದ್ದಾಗ ನನ್ನ ತಮ್ಮನಿಗೆ ಹೊಸ ಸೈಕಲ್ ಬಂತು. ಅದರ ಗಾಳಿ ಬಿಟ್ಟವನು ನಾನೇ. ಮದರಾಸಿಗೆ ಬಂದ ಮೇಲೂ ಆ ಬುದ್ಧಿ ಹೋಗಲಿಲ್ಲ, ಗಾಳಿ ಬಿಡುವ ರೀತಿ ಬದಲಾಯಿತು ಅಷ್ಟೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ತಿರುವೊಟ್ಟಿಯೂರಿನ ಒಂದು ರಬ್ಬರ್ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದೆ. ಕಾರಿನ ಬಾಗಿಲಿನ ಅಂಚಿಗೆ ಮಳೆನೀರು ಒಳಗೆ ಬರದ ಹಾಗೆ ಕೂರಿಸುತ್ತಾರಲ್ಲ, ಆ ಕಪ್ಪು ರಬ್ಬರ್ ಪಟ್ಟಿ ನಮ್ಮಲ್ಲಿ ಆಗುತ್ತಿತ್ತು. ಮನೆ ವೆಸ್ಟ್ ಮಾಂಬಲಂನಲ್ಲಿ. ಬೆಳಿಗ್ಗೆ ಎರಡು ರೈಲು ಹಿಡಿದು ಎಂಟಕ್ಕೆ ಗೇಟಿನಲ್ಲಿ ಇರುತ್ತಿದ್ದೆ. ಮಾಲು ದಿನಾ ಊರಿನ ಇನ್ನೊಂದು ತುದಿ ದಾಟಿ, ಶ್ರೀಪೆರಂಬುದೂರಿನ ಕಡೆಯ ಒಂದು ಕಾರು ಕಾರ್ಖಾನೆಗೆ ಹೋಗಬೇಕು. ಲಾರಿ ಕರೆಸುವವನು ನಾನು, ತುಂಬಿಸುವವನು ನಾನು, ಡ್ರೈವರ್ ಜೊತೆ ಜಗಳ ಆಡುವವನೂ ನಾನೇ. ನನ್ನ ತಮಿಳು ಅಷ್ಟಕ್ಕಷ್ಟೆ, ಆದರೂ ಬೈಯುವಷ್ಟು ಬರುತ್ತಿತ್ತು. ಒಂದು ಮೇಜು, ಅದರ ಹಿಂದೆ ಒಂದು ಕುರ್ಚಿ, ಗೇಟಿನ ರಿಜಿಸ್ಟರ್. ನನ್ನ ಸಾಮ್ರಾಜ್ಯ ಇಷ್ಟೇ. ಆದರೆ ಪೂರ್ತಿ ನನ್ನದು.

ನಮ್ಮ ಯಜಮಾನರು, ಅಲ್ಲಿಯವರ ಬಾಯಲ್ಲಿ ಮುದಲಾಳಿ, ರಾಹುಕಾಲದಲ್ಲಿ ಲಾರಿ ಹೊರಡಿಸುತ್ತಿರಲಿಲ್ಲ. ಮಿಕ್ಕ ದಿನ ತೊಂದರೆ ಇಲ್ಲ, ನಮ್ಮ ಲಾರಿ ಹನ್ನೊಂದು ಹನ್ನೆರಡರ ನಡುವೆ ಹೊರಡುತ್ತಿತ್ತು. ಶುಕ್ರವಾರ ಮಾತ್ರ ಗ್ರಹಚಾರ. ಅವತ್ತು ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಮಾಲು ತಪಾಸಣೆ ಮುಗಿದು ಕೈಗೆ ಬರುವುದೇ ಹನ್ನೊಂದಕ್ಕೆ. ಮುದಲಾಳಿ ಮಾತ್ರ ಶುಕ್ರವಾರ ಹತ್ತೂವರೆಗೆ ಸರಿಯಾಗಿ ಫೋನ್ ಮಾಡಿ, "ಲಾರಿ ಹೊರಟಿತಾ?" ಅನ್ನುತ್ತಿದ್ದರು.

ಆಗ ನನಗೆ ಹೊಳೆದದ್ದು ನಮ್ಮ ಮನೆಯ ಪ್ರಸ್ಥಾನ. ಊರಿಗೆ ಹೊರಡುವ ಹೊತ್ತು ಚೆನ್ನಾಗಿಲ್ಲ ಅಂದರೆ ನಮ್ಮಮ್ಮ ಒಳ್ಳೆಯ ಗಳಿಗೆ ನೋಡಿ ಮುಂಚೆಯೇ ಒಂದು ಚೀಲವನ್ನೋ ಕೊಡೆಯನ್ನೋ ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಿದ್ದಳು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ರಾಹುಕಾಲವೋ ಗುಳಿಕಕಾಲವೋ, ಯಾವಾಗ ಹೊರಟರೂ ದೋಷವಿಲ್ಲ. ನಾನೂ ಅದನ್ನೇ ಮಾಡಿದೆ. ಶುಕ್ರವಾರ ಹತ್ತು ಇಪ್ಪತ್ತೈದಕ್ಕೆ ಲಾರಿಗೆ ಹಿಂದಿನ ದಿನ ಉಳಿದ ನಾಲ್ಕು ಪೆಟ್ಟಿಗೆ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಗೇಟು ದಾಟಿಸಿ ಎದುರಿನ ಟೀ ಅಂಗಡಿಯ ಹತ್ತಿರ ನಿಲ್ಲಿಸುವುದು. ರಿಜಿಸ್ಟರಿನಲ್ಲಿ, ಬಿಲ್ಲಿನಲ್ಲಿ, ಹತ್ತು ಇಪ್ಪತ್ತೈದು ಅಂತ ಬರೆಯುವುದು. ಮಿಕ್ಕ ಪೆಟ್ಟಿಗೆಗಳನ್ನು ಆಮೇಲೆ ಕೈಗಾಡಿಯಲ್ಲಿ ಸಾಗಿಸಿ, ಅದು ಮುಗಿದು ಹನ್ನೆರಡು ಹೊಡೆದ ಮೇಲೆ ಲಾರಿ ನಿಜವಾಗಿ ಹೊರಡಿಸುವುದು.

ಮುದಲಾಳಿಗೆ ಭಾರೀ ಖುಷಿ. ಟೀ ಅಂಗಡಿಯ ವಿಷಯ ಅವರಿಗೆ ಗೊತ್ತಿಲ್ಲ. ಮಾಲು ಗೇಟು ದಾಟಿದ ಹೊತ್ತನ್ನು ಬಿಲ್ಲಿನಲ್ಲಿ ನಿಮಿಷದ ಸಮೇತ ಸರಿಯಾಗಿ ಬರೆಯಬೇಕು ಅನ್ನುವುದು ಎಕ್ಸೈಸ್ ಕಾನೂನು. ಸುಳ್ಳು ಬರೆದದ್ದು ಹೊರಗೆ ಬಿದ್ದರೆ ಬರೆದವನು ಅವತ್ತೇ ಮನೆಗೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ವರ್ಷಗಟ್ಟಲೆ ಬರೆದೆ.

ಹೀಗಿರುವಾಗ ಕಾರು ಕಾರ್ಖಾನೆಯವರು ಹೊಸ ವ್ಯವಸ್ಥೆ ತಂದರು. ಇನ್ನು ಮುಂದೆ ನೀವ್ಯಾರೂ ಲಾರಿ ಕಳಿಸಬೇಡಿ, ನಾವು ನೇಮಿಸಿದ ಲಾಜಿಸ್ಟಿಕ್ಸ್ ಕಂಪನಿಯವರೇ ಬಂದು ಎತ್ತಿಕೊಳ್ಳುತ್ತಾರೆ ಅಂದರು. ಹಾಲಿನವನು ಮನೆಮನೆಗೆ ಹೋದ ಹಾಗೆ ಒಂದೇ ಲಾರಿ ನಮ್ಮಲ್ಲಿ ಬಂದು ರಬ್ಬರ್ ಹಾಕಿಕೊಂಡು, ಅಂಬತ್ತೂರಿನಲ್ಲಿ ಇನ್ನೊಬ್ಬರ ಹತ್ತಿರ ಕನ್ನಡಿ ಹಾಕಿಕೊಂಡು, ಹೇಳಿದ ಗಳಿಗೆಗೆ ಹೋಗಿ ಇಳಿಸುವುದು. ಅದರ ಹೆಸರೇ ಮಿಲ್ಕ್ ರನ್. ಕಾರಿನವರ ಹತ್ತಿರ ಗೋದಾಮೇ ಇರುವುದಿಲ್ಲವಂತೆ, ಎರಡು ಗಂಟೆಗೆ ಆಗುವಷ್ಟು ಮಾಲು ಮಾತ್ರವಂತೆ. ಲಾರಿ ತಡವಾದರೆ ಕಾರು ಜೋಡಿಸುವ ಲೈನೇ ನಿಂತುಹೋಗುತ್ತದೆ.

ನಾನು ವಿಚಾರಿಸಿದೆ. ಆ ಲಾಜಿಸ್ಟಿಕ್ಸ್ ಕಂಪನಿಗೆ ಒಂದು ಸ್ವಂತ ಲಾರಿ ಕೂಡ ಇರಲಿಲ್ಲ ಕಣ್ರೀ! ಎಲ್ಲ ಬಾಡಿಗೆಯದು. ಅವರು ಒಂದು ಮೊಳೆ ಮಾಡುವವರಲ್ಲ, ಒಂದು ಪೆಟ್ಟಿಗೆ ಹೊರುವವರಲ್ಲ. ಬರೀ ಯಾವ ಲಾರಿ ಯಾವಾಗ ಎಲ್ಲಿರಬೇಕು ಅಂತ ಯೋಚನೆ ಮಾಡುವವರು. ಅಷ್ಟಕ್ಕೇ ಕಾರಿನವರು ತಮ್ಮ ದೊಡ್ಡ ಮೀಟಿಂಗುಗಳಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಹೊಸ ಮಾಡೆಲ್ ಎಷ್ಟು, ಯಾವ ಬಣ್ಣ ಅನ್ನುವುದು ನಮಗಿಂತ ಮೊದಲು ಅವರಿಗೆ ಗೊತ್ತು. ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೆ ಯಾರೂ ಒಂದು ಕುರ್ಚಿ ಎಳೆದು ಕೂತುಕೋ ಅಂದಿರಲಿಲ್ಲ.

ಆ ಕಂಪನಿಯಿಂದ ಒಬ್ಬಳು ಹುಡುಗಿ ಬಂದು ನಮ್ಮ ಕಾರ್ಖಾನೆಯಲ್ಲೇ, ನನ್ನ ಕೋಣೆಯಲ್ಲೇ, ನನ್ನ ಎದುರಿಗೇ ಮೇಜು ಹಾಕಿಕೊಂಡಳು. ಇಪ್ಪತ್ತೈದು ಇಪ್ಪತ್ತಾರು ಇರಬೇಕು. ಮೈಲಾಪೂರಿನವಳು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ವೈಷ್ಣವರ ಮನೆ. ನಾನು ಕನ್ನಡದವನು ಅಂತ ಗೊತ್ತಾಗಿದ್ದೇ ತಡ, "ಅಯ್ಯೋ ಸಾರ್, ನಮ್ಮ ಮನೇಲೂ ಕನ್ನಡಾನೇ!" ಅಂತ ಅರಳಿಬಿಟ್ಟಳು. ಏನು ಕನ್ನಡವೋ! ಬೇಗ ಅನ್ನಲು ಸೀಕ್ರಂ, ಖಂಡಿತ ಅನ್ನಲು ಕಂಡಿಪ್ಪಾ, ಆಮೇಲೆ ಅನ್ನಲು ಅಪ್ಪುರಂ. "ಸೀಕ್ರಂ ಲಾರಿ ಬರತ್ತೆ ಸಾರ್, ಕಂಡಿಪ್ಪಾ ಬರತ್ತೆ, ಅಪ್ಪುರಂ ನೋಡೋಣ." ನಾನು ಮನೆಗೆ ಹೋಗಿ ಹೆಂಡತಿಯ ಮುಂದೆ ಅವಳ ಹಾಗೆಯೇ ಮಾತಾಡಿ ಅಣಕಿಸುತ್ತಿದ್ದೆ. ಹೆಂಡತಿ ನಗಲಿಲ್ಲ. "ಪಾಪ ರೀ, ಮಾತಾಡ್ತಾಳಲ್ಲ, ಅದೇ ಹೆಚ್ಚು. ನಿಮ್ಮ ಮಕ್ಕಳು ನಾನು ಕನ್ನಡದಲ್ಲಿ ಕರೆದರೆ ತಮಿಳಿನಲ್ಲಿ ಓ ಅಂತವೆ" ಅಂದಳು. ಅದಕ್ಕೂ ನನಗೆ ಉರಿಯಿತು.

ಅವಳ ತಮಿಳು ಕೇಳಿದರೆ ಡ್ರೈವರುಗಳು ಬಾಲ ಮುದುರಿಕೊಂಡು ಹೇಳಿದ ಹಾಗೆ ಕೇಳುತ್ತಿದ್ದರು. ಗೋಡೆಗೆ ಒಂದು ದೊಡ್ಡ ಚಾರ್ಟು ಅಂಟಿಸಿದಳು, ಅದಕ್ಕೆ ಬಣ್ಣಬಣ್ಣದ ಪಿನ್ನು. ಮ್ಯಾನೇಜರ್ ಬಂದರೆ ಮೊದಲು ನೋಡುವುದು ಅದನ್ನು. ಮೊದಲು ಕೇಳುವುದು ಅವಳನ್ನು. "ಇವತ್ತು ಹೇಗಿದೆಯಮ್ಮಾ?" ಟೀ ಕೂಡ ಮೊದಲು ಅವಳ ಮೇಜಿಗೆ. ಅವಳಿಗೆ ಕಂಪನಿ ಕೊಟ್ಟ ಸೆಲ್‌ಫೋನ್ ಇತ್ತು, ಇಟ್ಟಿಗೆಯ ಗಾತ್ರದ್ದು. ಅದು ಕೂಗಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಇನ್ನು ಆರು ತಿಂಗಳಿಗೆ ನಿನ್ನ ಅಗತ್ಯವಿಲ್ಲ ಅಂತ ಮ್ಯಾನೇಜರ್ ಹೇಳುವ ದಿನ ನನ್ನ ಕಣ್ಣ ಮುಂದೆ ಕಟ್ಟಿದಂತಿತ್ತು. ಇಬ್ಬರು ಮಕ್ಕಳು ಸ್ಕೂಲಿನಲ್ಲಿ. ನಲವತ್ತು ದಾಟಿದವನಿಗೆ ಯಾವನು ಕೆಲಸ ಕೊಡುತ್ತಾನೆ?

ವೇಳಾಪಟ್ಟಿ ಮಾಡುವುದಕ್ಕೆ ಅವಳು ನನ್ನ ಹಳೆಯ ಗೇಟು ರಿಜಿಸ್ಟರುಗಳನ್ನು ಕೇಳಿದಳು. ನಾನು ಯೋಚನೆಯನ್ನೇ ಮಾಡದೆ ಎತ್ತಿ ಕೊಟ್ಟೆ. ನಮ್ಮ ಗೇಟು ಬಿಟ್ಟದ್ದು ಎಷ್ಟಕ್ಕೆ, ಕಾರಿನವರ ಗೇಟು ಸೇರಿದ್ದು ಎಷ್ಟಕ್ಕೆ, ದಾರಿಗೆ ಎಷ್ಟು ಹೊತ್ತು, ಒಂದೊಂದು ದಿನದ್ದೂ ಲೆಕ್ಕ ಹಾಕಿದಳು. ಮಿಕ್ಕೆಲ್ಲ ದಿನ ಸರಿಸುಮಾರು ಒಂದೇ. ಶುಕ್ರವಾರ ಮಾತ್ರ ಒಂದೂವರೆ ಗಂಟೆ ಜಾಸ್ತಿ.

"ಏನ್ ಸಾರ್ ಶುಕ್ರವಾರ ಇಷ್ಟೊಂದು ಲೇಟು?" ಅಂತ ತಲೆ ಎತ್ತಿ ಕೇಳಿದಳು.

ಆಗಲೇ ನನಗೆ ಹೊಳೆದದ್ದು, ಈ ಒಂದೂವರೆ ಗಂಟೆ ಟೀ ಅಂಗಡಿಯದ್ದು ಅಂತ. ಹೇಳಬಹುದಿತ್ತು. ಬಾಗಿಲು ಹಾಕಿಕೊಂಡು ಮೆಲ್ಲಗೆ, "ನೋಡಮ್ಮಾ, ಹೀಗೆ ಹೀಗೆ" ಅಂದಿದ್ದರೆ ಆಗಿತ್ತು. ಹೆದರಿಕೆಯಿಂದ ಹೇಳಲಿಲ್ಲ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಹೆದರಿಕೆ ಕಾಲುಭಾಗ. ಇವಳು ಒಂದು ಸಲ ಎಡವಲಿ, ಎಲ್ಲರೂ ನೋಡಲಿ ಅನ್ನುವ ಆಸೆ ಮುಕ್ಕಾಲು.

"ಶುಕ್ರವಾರ ಇಲ್ಲಿ ದೇವಸ್ಥಾನದ ಜನ ಅಮ್ಮಾ, ರಸ್ತೆಯಲ್ಲಿ ಕಾಲಿಡೋಕಾಗಲ್ಲ" ಅಂದೆ.

ಅವಳು ನಂಬಿದಳು. ಮಿಕ್ಕ ದಿನ ಹನ್ನೊಂದಕ್ಕೆ ಹೊರಡುವ ಲಾರಿ ಶುಕ್ರವಾರ ಮಾತ್ರ ಒಂದೂವರೆ ಗಂಟೆ ಮೊದಲು, ಒಂಬತ್ತೂವರೆಗೇ ಹೊರಡುವ ಹಾಗೆ ಮಾಡಿದಳು. ತಪಾಸಣೆ ವಿಭಾಗಕ್ಕೆ ಹೋಗಿ, ಶುಕ್ರವಾರದ ಮಾಲನ್ನು ಗುರುವಾರ ಸಂಜೆಯೇ ಮುಗಿಸಿಕೊಡಿ ಅಂತ ಕೇಳಿದಳು. ಕೊಟ್ಟರು! ನಾನು ವರ್ಷಗಟ್ಟಲೆ ಕಾಡಿ ಬೇಡಿದರೂ ಕೊಡದ ಮಹಾನುಭಾವರು ಅವಳು ಎರಡು ದಿನ ನಗುನಗುತ್ತಾ ಕೇಳಿದ್ದಕ್ಕೆ ಕೊಟ್ಟುಬಿಟ್ಟರು. ರಾಹುಕಾಲಕ್ಕೆ ಒಂದು ಗಂಟೆ ಮುಂಚೆಯೇ ಲಾರಿ ಹೊರಟದ್ದು ನೋಡಿ ಮುದಲಾಳಿ ಅವಳ ಮೇಜಿಗೆ ಸ್ವೀಟ್ ಡಬ್ಬಿ ಕಳಿಸಿದರು. ಅವಳು ಡಬ್ಬಿ ತೆರೆದು ಮೊದಲು ನನಗೇ ಹಿಡಿದಳು. ಸಕ್ಕರೆ ಕಾಯಿಲೆ ಇದೆ ಅಂದೆ. ಇರಲಿಲ್ಲ.

ಮೊದಲ ಶುಕ್ರವಾರ ಲಾರಿ ಕಾರಿನವರ ಗೇಟಿಗೆ ಒಂದೂವರೆ ಗಂಟೆ ಮುಂಚೆ ಹೋಗಿ ನಿಂತಿತು. ಅವರಲ್ಲಿ ತಡವಾಗುವುದು ಎಷ್ಟು ತಪ್ಪೋ ಬೇಗ ಬರುವುದೂ ಅಷ್ಟೇ ತಪ್ಪು. ನಿನ್ನ ಹೊತ್ತಿಗೆ ನೀನು ಬಾ, ಅಲ್ಲಿಯತನಕ ನಿಲ್ಲುವುದಕ್ಕೆ ಜಾಗವಿಲ್ಲ. ಎರಡನೇ ಶುಕ್ರವಾರವೂ ಹಾಗೇ ಆಯಿತು. ಅವಳಿಗೆ ಫೋನಿನಲ್ಲಿ ಬೈಗುಳ ಬಿತ್ತು. ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದು, "ಸಾರ್, ಟೈಮ್ ಬದಲಾಯಿಸಲಾ? ನೀವು ಹೇಳಿ, ನಿಮಗೆ ಅನುಭವ ಇದೆ" ಅಂದಳು.

"ಎರಡು ವಾರ ಜನ ಕಡಿಮೆ ಇದ್ದರು ಅಂತ ಬದಲಾಯಿಸಬೇಡ. ಮುಂದಿನ ವಾರ ನೋಡು, ಎಷ್ಟು ಜನ ಸೇರ್ತಾರೆ" ಅಂದೆ. ಹೀಗೆ ಹೇಳುವಾಗ ನನ್ನ ದನಿಯಲ್ಲಿ ಎಷ್ಟು ಅಕ್ಕರೆ ಇತ್ತು ಅಂದರೆ, ನನಗೇ ಆಶ್ಚರ್ಯವಾಯಿತು.

ಮೂರನೇ ಶುಕ್ರವಾರ ನಮ್ಮ ಲಾರಿ ಬೇಗ ಹೋಗಿ ಕಾರಿನವರ ಗೇಟಿಗೆ ಅಡ್ಡ ನಿಂತಿತು. ಅದರ ಹಿಂದೆ ಸೀಟು ತರುವ ಲಾರಿ ಸಿಕ್ಕಿಹಾಕಿಕೊಂಡಿತು. ಸೀಟು ಒಳಗೆ ಹೋಗಲಿಲ್ಲ, ಲೈನು ನಿಂತಿತು. ಸ್ವಲ್ಪ ಹೊತ್ತೇ. ಆದರೆ ನಿಂತದ್ದು ನಿಂತದ್ದೇ.

ಸೋಮವಾರ ನಮ್ಮ ಕಾರ್ಖಾನೆಯಲ್ಲೇ ಮೀಟಿಂಗ್. ಕಾರಿನವರ ಕಡೆಯವರೊಬ್ಬರು, ಅವಳ ಮೇಲಧಿಕಾರಿ, ನಮ್ಮ ಮ್ಯಾನೇಜರ್, ಅವಳು, ಮೂಲೆಯಲ್ಲಿ ನಾನು. ಕೊನೆಗೂ ನನಗೆ ಒಂದು ಕುರ್ಚಿ ಹಾಕಿದ್ದರು. ಅವಳ ಮುಂದೆ ನನ್ನ ರಿಜಿಸ್ಟರುಗಳ ಕಟ್ಟು ಇತ್ತು. ಅದನ್ನು ನೋಡಿದ್ದೇ ಕುರ್ಚಿಯನ್ನು ಇನ್ನಷ್ಟು ಮೂಲೆಗೆ ಎಳೆದುಕೊಂಡೆ. ಅಲ್ಲಿಯತನಕ ಅವಳು ಬೀಳುವುದನ್ನಷ್ಟೇ ನಾನು ಯೋಚಿಸಿದ್ದೆ. ಬೀಳುವಾಗ ನನ್ನ ಪಂಚೆ ಹಿಡಿದುಕೊಂಡು ಬೀಳಬಹುದು ಅನ್ನುವುದು ಹೊಳೆದೇ ಇರಲಿಲ್ಲ.

"ಶುಕ್ರವಾರಕ್ಕೆ ಒಂದೂವರೆ ಗಂಟೆ ಜಾಸ್ತಿ ಅಂತ ನಿಮಗೆ ಯಾರು ಹೇಳಿದ್ದು?" ಅಂತ ಕಾರಿನವರು ಕೇಳಿದರು.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಸುಮ್ಮನೆ, ಕೋಪವಿಲ್ಲದೆ, ಸ್ವಲ್ಪ ಹೊತ್ತು ನೋಡಿದಳು. ನಾನು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

"ಯಾರೂ ಇಲ್ಲ ಸಾರ್. ದೇವಸ್ಥಾನದ ಜನ ಇರುತ್ತಾರೆ ಅಂತ ನಾನೇ ಊಹೆ ಮಾಡಿದೆ. ತಪ್ಪು ನನ್ನದು" ಅಂದಳು.

ಮೀಟಿಂಗ್ ಹತ್ತು ನಿಮಿಷದಲ್ಲಿ ಮುಗಿಯಿತು. ಅವಳನ್ನು ಬಂದರಿನ ಹತ್ತಿರದ ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸಕ್ಕೆ ಹಾಕಿದರು. ಮಾರನೆಯ ದಿನ ಅವಳು ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದಳು. ಪಿನ್ನುಗಳನ್ನೆಲ್ಲ ಡಬ್ಬಿಗೆ ತುಂಬಿ, ರಿಜಿಸ್ಟರುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

"ಸಾರ್, ಭಾನುವಾರ ಇದನ್ನ ಮನೇಲಿ ಕೂತು ಮತ್ತೆ ನೋಡಿದೆ. ಪ್ರತಿ ಶುಕ್ರವಾರ ಹತ್ತು ಇಪ್ಪತ್ತೈದು. ಒಂದು ನಿಮಿಷ ಆಚೆ ಈಚೆ ಇಲ್ಲ. ಲಾರಿ ಹಾಗೆ ಹೊರಡಲ್ಲ ಸಾರ್. ನಮ್ಮ ಅಜ್ಜಿ ತಿರುಪತಿಗೆ ಹೊರಡುವಾಗ ಹೀಗೇ, ಚೊಂಬು ಒಯ್ದು ಎದುರು ಮನೆಯಲ್ಲಿ ಇಟ್ಟು ಬರೋರು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮತ್ತೆ ಯಾಕಮ್ಮಾ ಅಲ್ಲಿ ಹೇಳಲಿಲ್ಲ?" ಅಂದೆ.

"ನನ್ನನ್ನ ಗೋದಾಮಿಗೆ ಕಳಿಸ್ತಾರೆ. ನಿಮ್ಮನ್ನ ಮನೆಗೆ ಕಳಿಸ್ತಾರೆ" ಅಂದಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ನೀವೇ ಹೇಳ್ತೀರಾ ಅಂತ ಕಾದೆ ಸಾರ್. ಕಂಡಿಪ್ಪಾ ಹೇಳ್ತೀರಾ ಅಂದುಕೊಂಡೆ."

ಅವಳು ಹೋದ ಮೇಲೆ ರಿಜಿಸ್ಟರುಗಳನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಾಚಿಕೆಯಾಯಿತು, ನಿಜ. ಆದರೆ ಮೊದಲೇ ಹೇಳಿದೆನಲ್ಲ, ನನ್ನ ಜಾತಕ ಬೇರೆ. ನಾಚಿಕೆಯ ಅಡಿಯಲ್ಲಿ ಅದೇ ಹಳೆಯ ಉರಿ ಇತ್ತು. ಕೆಲಸದಲ್ಲಿ ನನ್ನನ್ನು ಮೀರಿಸಿದ್ದು ಸಾಲದು ಅಂತ ಇದರಲ್ಲೂ ಮೀರಿಸಿ ಹೋದಳಲ್ಲ ಅಂತ.

ಮುಂದಿನ ವಾರ ಮ್ಯಾನೇಜರ್ ಚಾರ್ಟನ್ನು ನನ್ನ ಕೈಗೆ ಕೊಟ್ಟು, ಶುಕ್ರವಾರವನ್ನು ನೀವೇ ಸರಿಮಾಡಿ ಅಂದರು. ಐದು ನಿಮಿಷದ ಕೆಲಸ. ಒಂಬತ್ತೂವರೆ ಹೊಡೆದು ಹಾಕಿ ಹನ್ನೆರಡು ಐದು ಅಂತ ಬರೆದೆ. ಕಾರಿನವರೂ ತಮ್ಮಲ್ಲಿ ಇಳಿಸಿಕೊಳ್ಳುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಂಡರು. ಲಾರಿ ಗೇಟು ದಾಟಿದ್ದೂ ಹನ್ನೆರಡು ಐದಕ್ಕೇ, ರಿಜಿಸ್ಟರಿನಲ್ಲಿ ನಾನು ಬರೆದದ್ದೂ ಅದನ್ನೇ. ಆ ಕಡೆ ಹೇಳಿದ ಗಳಿಗೆಗೆ ಸರಿಯಾಗಿ ಹೋಗಿ ನಿಂತಿತು. ಸಂಜೆ ಮ್ಯಾನೇಜರ್ ನನ್ನ ಮೇಜಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಬೆನ್ನು ತಟ್ಟಿದರು.

"ನೋಡಿ, ಅನುಭವ ಅಂದರೆ ಇದು! ಅಷ್ಟು ಓದಿದವಳಿಗೆ ಹೊಳೆಯದ್ದು ಇವರಿಗೆ ಹೇಗೆ ಹೊಳೆಯಿತು!"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದು ನಿಂತು, "ಥ್ಯಾಂಕ್ಸ್ ಸಾರ್" ಅಂದೆ.