ಕೊಟ್ಟವರಿಲ್ಲದ ತಾಂಬೂಲ

ಗೌರಿಬಿದನೂರಿನ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು, ನಿವೃತ್ತನಾಗಿ ಚಿಕ್ಕಬಳ್ಳಾಪುರದಲ್ಲಿ ನೆಲೆಸಿದ ಮೇಲೂ ನನ್ನ ದಿನಚರಿ ಬದಲಾಗಲಿಲ್ಲ. ಕತ್ತಲಿರುವಾಗಲೇ ಏಳುವುದು, ವಾಕಿಂಗ್, ತಣ್ಣೀರಿನ ಸ್ನಾನ, ಆಮೇಲೆ ಪತ್ರಿಕೆ. ಯಾವ ಕೆಲಸಕ್ಕೂ ಒಂದು ಸಾಲು, ಒಂದು ಸರದಿ ಇರಬೇಕು ಎಂದು ನಂಬಿದವನು ನಾನು. ಆ ನಂಬಿಕೆಯಿಂದಲೇ ತಂಗಿಯ ಊರಿನ ಗ್ರಾಮಸಭೆಯ ಉಸಾಬರಿಗೆ ಕೈಹಾಕಿದೆ.

ಅವಳ ಊರು ಶಿಡ್ಲಘಟ್ಟದ ಹತ್ತಿರ. ಗಂಡ ಹೆಂಡತಿ ಇಬ್ಬರೂ ರೇಷ್ಮೆ ಹುಳು ಸಾಕುತ್ತಾರೆ. ಅವರ ಹಿಪ್ಪುನೇರಳೆ ತೋಟದ ಪಕ್ಕದ ಗುಡ್ಡದಲ್ಲಿ ಕಂಪನಿಯೊಂದು ಜಲ್ಲಿ ಕ್ರಷರ್ ಹಾಕಲು ಹೊರಟಿತ್ತು. ಸೊಪ್ಪಿನ ಮೇಲೆ ಕಲ್ಲಿನ ಧೂಳು ಕೂತರೆ ಹುಳು ಸರಿಯಾಗಿ ಮೇಯುವುದಿಲ್ಲ, ಗೂಡು ಕಟ್ಟುವುದಿಲ್ಲ. ಪಂಚಾಯಿತಿ ಒಪ್ಪಿಗೆ ಕೊಡುವ ಮುಂಚೆ ಗ್ರಾಮಸಭೆಯಲ್ಲಿ ಆಕ್ಷೇಪ ಕೇಳಲಾಗುವುದು ಎಂದು ಡಂಗುರ ಹೊಡೆಸಿದ್ದರು. ತಂಗಿಯ ತೋಟ ಉಳಿಯಬೇಕಾದರೆ ಆ ಸಭೆಯಲ್ಲೇ ಉಳಿಯಬೇಕಿತ್ತು.

ಹುಳು ಸಾಕುವ ಹೆಂಗಸರನ್ನೆಲ್ಲ ತಂಗಿಯ ಜಗುಲಿಯಲ್ಲಿ ಕೂರಿಸಿ ತಯಾರು ಮಾಡಿದೆ. ಯಾರು ಮೊದಲು ಏಳಬೇಕು, ಯಾರು ಧೂಳಿನ ಮಾತು ಎತ್ತಬೇಕು, ಯಾರು ಬೋರ್‌ವೆಲ್ ಬತ್ತುವ ವಿಷಯ ಹೇಳಬೇಕು ಎಂದು ಹಂಚಿಕೊಟ್ಟೆ.

‘ಮೇಷ್ಟ್ರೇ, ಎದ್ದು ನಿಂತ್ಕೊಂಡು ಸೆಲ್ಯೂಟ್ ಹೊಡೀಬೇಕಾ?’ ಎಂದಳು ಎದುರು ಮನೆಯಾಕೆ.

‘ಸುಮ್ನಿರೇ, ಆಮೇಲೆ ನಿನ್ನ ಗ್ರೌಂಡ್ ಸುತ್ತ ಓಡಿಸ್ತಾರೆ’ ಎಂದಳು ತಂಗಿ. ಎಲ್ಲರೂ ನಕ್ಕರು. ನನಗೂ ಧೈರ್ಯ ಬಂತು.

ಸಭೆಗೆ ಕೆಲವು ದಿನ ಮುಂಚೆ ಶಾಸಕರ ಕಡೆಯಿಂದ ಬಸ್ಸು ಬಂತು. ಶಿಡ್ಲಘಟ್ಟದ ಕಲ್ಯಾಣ ಮಂಟಪದಲ್ಲಿ ಮುತ್ತೈದೆಯರಿಗೆ ಅರಿಶಿನ ಕುಂಕುಮದ ಕಾರ್ಯಕ್ರಮ. ಬ್ಯಾನರಿನಲ್ಲಿ ಶಾಸಕರ ಆಳೆತ್ತರದ ಚಿತ್ರ, ಕೆಳಗೆ ಮೂಲೆಯಲ್ಲಿ ಕಂಪನಿಯ ಚಿಹ್ನೆ. ಹೆಂಗಸರೆಲ್ಲ ಹೋಗಿ ಸೀರೆ, ಎಲೆ ಅಡಿಕೆ, ತೆಂಗಿನಕಾಯಿ ತಂದರು. ಚುನಾವಣೆ ಇದ್ದರೂ ಇಲ್ಲದಿದ್ದರೂ ಈಗ ಇಂಥದ್ದು ನಡೆಯುತ್ತಲೇ ಇರುತ್ತದೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಗ್ರಾಮಸಭೆಗೆ ಶಾಮಿಯಾನ ಕಂಪನಿಯದು, ಕುರ್ಚಿ ಕಂಪನಿಯದು, ಊಟವೂ ಅವರದೇ. ವೇದಿಕೆಯ ಮೇಲೆ ಪಂಚಾಯಿತಿ ಅಧ್ಯಕ್ಷರ ಒಂದು ಪಕ್ಕಕ್ಕೆ ಶಾಸಕರ ಆಪ್ತ, ಇನ್ನೊಂದು ಪಕ್ಕಕ್ಕೆ ಕಂಪನಿಯ ಮ್ಯಾನೇಜರು. ಪಿಡಿಒ ಮೈಕ್ ಹಿಡಿದು, ‘ಯಾರದ್ದಾದ್ರೂ ಆಕ್ಷೇಪ ಇದೆಯಾ?’ ಎಂದರು. ಎದುರು ಮನೆಯಾಕೆ ಸೆರಗು ಸರಿಮಾಡಿಕೊಂಡಳು, ಏಳಲಿಲ್ಲ. ತಂಗಿ ನೆಲ ನೋಡುತ್ತಿದ್ದಳು. ತಡೆಯಲಾರದೆ ನಾನೇ ಎದ್ದೆ.

‘ಯಜಮಾನ್ರೇ, ನಿಮ್ದು ಈ ಪಂಚಾಯ್ತೀಲಿ ಓಟಿದೆಯಾ?’ ಎಂದ ಶಾಸಕರ ಆಪ್ತ.

‘ಇಲ್ಲ. ಚಿಕ್ಕಬಳ್ಳಾಪುರ ಟೌನಲ್ಲಿದೆ.’

‘ಹಂಗಾದ್ರೆ ಕೂತ್ಕೊಳ್ಳಿ. ನಿಮಗೆ ನಿಯಮ ನಾವು ಹೇಳ್ಕೊಡ್ಬೇಕಾ?’

ಜೀವನವಿಡೀ ಮಕ್ಕಳಿಗೆ ನಿಯಮ ಹೇಳಿದವನು ಬಾಯಿ ಮುಚ್ಚಿಕೊಂಡು ಕೂತೆ. ಆಕ್ಷೇಪಣೆ ಇಲ್ಲ ಎಂದು ನಡಾವಳಿಯಲ್ಲಿ ಬರೆದರು.

ಮನೆಗೆ ಬಂದವನೇ ತಂಗಿಯ ಮೇಲೆ ರೇಗಿದೆ. ‘ಬಾಯಲ್ಲಿ ಏನಿಟ್ಕೊಂಡಿದ್ದೆ ನೀನು?’

‘ಸೆರಗೊಡ್ಡಿ ತಾಂಬೂಲ ತಗೊಂಡಿದೀನಿ ಅಣ್ಣಾ. ಮದುವೆ ಮಾತಾಗ್ಲಿ, ಜಮೀನು ಮಾತಾಗ್ಲಿ, ಎಲೆ ಅಡಿಕೆ ಈಸ್ಕೊಂಡ್ಮೇಲೆ ಮುಗೀತು. ಆಮೇಲೆ ಅವರ ಎದುರಿಗೇ ನಿಂತು ಬೇಡ ಅನ್ನಕ್ಕೆ ನಾಲಿಗೆ ಏಳುತ್ತಾ?’

‘ವಾಪಸ್ ಕೊಟ್ಬಿಡು.’

ತಾಂಬೂಲ ವಾಪಸು ಕೊಡುವುದು ಮುತ್ತೈದೆಗೆ ಎಷ್ಟು ಕಷ್ಟ ಎಂದು ನನಗೂ ಗೊತ್ತು. ಅವಳು ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ತಾನೇ ಸೀರೆ ಮಡಿಸಿ, ಅದರ ಮೇಲೆ ಹೊಸ ಎಲೆ ಅಡಿಕೆ, ಕಾಯಿ ಇಟ್ಟು, ಚೀಲ ಹಿಡಿದು ನನ್ನ ಜೊತೆ ಹೊರಟಳು.

ಶಾಸಕರ ಕಚೇರಿಯಲ್ಲಿ ಅದೇ ಆಪ್ತ ಕೂತಿದ್ದ. ಚೀಲ ನೋಡಿ ಮುಖ ಸಿಂಡರಿಸಿದ. ‘ಅಯ್ಯೋ, ಇದು ನಾವು ಕೊಟ್ಟಿದ್ದಲ್ಲಮ್ಮ. ಕಂಪನಿಯೋರ ಸೇವೆ. ನಮ್ಮ ಸಾಹೇಬರು ಬರೀ ಅತಿಥಿ.’

ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಕಂಪನಿ ಕಚೇರಿಗೆ ಹೋದೆವು. ಮ್ಯಾನೇಜರು ಒಳಗೂ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ನಯವಾಗಿ ಹೇಳಿದ: ‘ಅದು ಎಮ್ಮೆಲ್ಲೆ ಸಾಹೇಬರ ಪ್ರೋಗ್ರಾಮ್ ಅಂಕಲ್. ನಮಗೂ ಅದಕ್ಕೂ ಸಂಬಂಧ ಇಲ್ಲ. ನಾವು ಪಾಲಿಟಿಕ್ಸಿಗೆ ಹೋಗಲ್ಲ.’

ನನಗೆ ಮೈ ಉರಿಯಿತು. ಒಂದೇ ವೇದಿಕೆಯಲ್ಲಿ ಅಧ್ಯಕ್ಷರ ಆಚೆಗೊಬ್ಬ ಈಚೆಗೊಬ್ಬ ಕೂತವರು ಇವರೇ. ಬಾಗಿಲಿಗೆ ಹೋಗಿ ನಿಂತರೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು ತೋರಿಸುತ್ತಾರೆ. ಕೂಗಾಡಬೇಕೆಂದರೂ ಯಾರ ಮೇಲೆ ಕೂಗಾಡುವುದು?

ರಸ್ತೆಗೆ ಬಂದ ಮೇಲೆ ತಂಗಿ ನಿಂತಳು. ‘ಅಣ್ಣಾ, ಇಬ್ರೂ ಕೊಟ್ಟಿಲ್ಲ ಅಂತಾರಲ್ಲ?’

‘ಹೂಂ.’

‘ಕೊಟ್ಟೋರೇ ಇಲ್ಲ ಅಂದ್ಮೇಲೆ ನಾನು ತಗೊಂಡಿದ್ದು ಯಾರಿಂದ? ಹಂಗಾದ್ರೆ ನಾನು ಯಾರಿಗೂ ಮಾತು ಕೊಟ್ಟಿಲ್ಲ. ನಡಿ ಪಂಚಾಯ್ತಿಗೆ.’

ಪಿಡಿಒ ಊಟಕ್ಕೆ ಏಳುವುದರಲ್ಲಿದ್ದರು. ತಂಗಿ ಮೇಜಿನ ಮುಂದೆ ನಿಂತು, ಸಭೆಯಲ್ಲಿ ಹೇಳಬೇಕಾಗಿದ್ದನ್ನೆಲ್ಲ ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಹೇಳಿದಳು. ಪೂರ್ತಿ ಕೇಳಿಸಿಕೊಂಡ ಅವರು, ‘ಸಭೇಲಿ ಹೇಳ್ಬೇಕಿತ್ತಮ್ಮ. ನಡಾವಳಿ ಮೇಲಕ್ಕೆ ಹೋಯ್ತು. ಈಗ ನನ್ನ ಕೈಲಿ ಏನೂ ಇಲ್ಲ’ ಎಂದರು.

‘ಸಭೇಲಿ ನನಗೆ ಗೊತ್ತಿರ್ಲಿಲ್ಲ ಸಾರ್’ ಎಂದಳು ತಂಗಿ, ‘ಕೊಟ್ಟೋರು ಇಲ್ಲ ಅಂತ.’

ಕ್ರಷರ್ ಈಗ ಹಗಲೆಲ್ಲ ಓಡುತ್ತದೆ. ಗುಡ್ಡದ ಬದಿಯ ಸಾಲುಗಳ ಸೊಪ್ಪನ್ನು ಅವಳು ಹುಳುವಿಗೆ ಹಾಕುವುದಿಲ್ಲ; ದೂರದ ಸಾಲುಗಳಲ್ಲಿ ಸಿಕ್ಕಷ್ಟಕ್ಕೆ ಮಾತ್ರ ಹುಳು ಸಾಕುತ್ತಾಳೆ. ನಾನು ಕಂಡ ಕಂಡ ಕಚೇರಿಗಳಿಗೆ ಅರ್ಜಿ ಕೊಡುತ್ತಲೇ ಇದ್ದೇನೆ. ಎಲ್ಲರೂ ತೆಗೆದುಕೊಳ್ಳುತ್ತಾರೆ, ನನ್ನನ್ನು ಕೂರಿಸಿ ಕಾಫಿ ಕೊಡುತ್ತಾರೆ. ಆ ಕಾಫಿ ಕುಡಿಯುವುದನ್ನು ಈಚೆಗೆ ಬಿಟ್ಟಿದ್ದೇನೆ.